ಹಿರಿಯ ಕ್ವಾರ್ಟರ್‌ಬ್ಯಾಕೋ, ಹೊಸಬನೋ: ನಿರ್ಧರಿಸುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗಿನ ತಂಡವೊಂದರಲ್ಲಿ ವಯಸ್ಸಾದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿಯನ್ನು ಮುನ್ನಡೆಸುವ ಆಟಗಾರ) ಮತ್ತು ಭರವಸೆಯ ರೂಕಿ (ಲೀಗಿಗೆ ಹೊಸಬ) ಇಬ್ಬರೂ ಇದ್ದಾಗ, ಇವರಲ್ಲಿ ಯಾರು ಹೆಚ್ಚು ಸಮರ್ಥರೆಂದು ತೂಗಿ ನೋಡುವ ಮೊದಲು ಉಳಿದ ತಂಡದ ಸ್ಥಿತಿಯನ್ನು ಅಳೆಯಬೇಕು. 2015ರ ಋತುವಿನ ಲೀಗ್ ಪಂದ್ಯಗಳಲ್ಲಿ ಡೆನ್ವರ್ ಬ್ರಾಂಕೋಸ್‌ನ ಪೇಟನ್ ಮ್ಯಾನಿಂಗ್ 9 ಟಚ್‌ಡೌನ್ ಪಾಸ್‌ಗಳನ್ನಷ್ಟೇ (ನೇರ ಅಂಕ ತಂದ ಎಸೆತ) ಎಸೆದು 17 ಇಂಟರ್ಸೆಪ್ಷನ್ (ಎದುರಾಳಿಯ ಕೈಸೇರಿದ ಎಸೆತ) ಕೊಟ್ಟಿದ್ದರು; ಗಾಯದಿಂದ ಹೊರಗುಳಿದಾಗ ಅವರ ಜಾಗದಲ್ಲಿ ಕಿರಿಯ ಬ್ರಾಕ್ ಆಸ್ವೈಲರ್ ಆಡಿದ್ದರು. ಆದರೂ ಪ್ಲೇಆಫ್‌ಗೆ ಕೋಚ್ ಗ್ಯಾರಿ ಕ್ಯುಬಿಯಾಕ್ ಮ್ಯಾನಿಂಗ್ ಅವರನ್ನೇ ನೆಚ್ಚಿದರು, ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ 50 ಗೆದ್ದಿತು. ಗೆಲ್ಲಿಸಿದ್ದು ಡಿಫೆನ್ಸ್. ಅಂಥ ತಂಡಕ್ಕೆ ಹಿರಿಯನ ತಾಳ್ಮೆ ಸಾಕು.

ತಂಡವೇ ಕುಸಿದಿದ್ದರೆ ಲೆಕ್ಕ ತಿರುಗುತ್ತದೆ. 2011ರಲ್ಲಿ 2 ಪಂದ್ಯ ಗೆದ್ದು 14 ಸೋತ ಇಂಡಿಯಾನಾಪೊಲಿಸ್ ಕೋಲ್ಟ್ಸ್, ಇದೇ ಮ್ಯಾನಿಂಗ್ ಅವರನ್ನು ಬಿಟ್ಟುಕೊಟ್ಟು ಆಂಡ್ರ್ಯೂ ಲಕ್ ಅವರನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆರಿಸಿತು. ಮರುವರ್ಷ 11 ಪಂದ್ಯ ಗೆದ್ದಿತು. ಆದರೆ ಲಕ್ ವರ್ಷಗಟ್ಟಲೆ ಪೆಟ್ಟು ತಿಂದು, ಗಾಯಗಳಿಂದ ಬೇಸತ್ತು, 2019ರಲ್ಲಿ 29ನೇ ವಯಸ್ಸಿಗೇ ನಿವೃತ್ತರಾದರು. ಆಫೆನ್ಸಿವ್ ಲೈನ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಟಗಾರರ ಸಾಲು) ಗಟ್ಟಿಯಿಲ್ಲದ ತಂಡ ಹೊಸಬನನ್ನು ಕಣಕ್ಕಿಳಿಸುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಮೇಲೆ ಪಂದ್ಯಗಳ ವಿಡಿಯೊ ನೋಡಬೇಕು. ಹಿರಿಯನ ವಿಷಯದಲ್ಲಿ, ಮೈದಾನದ ಒಂದು ಬದಿಯಿಂದ ಎದುರು ಬದಿಯ ಗೆರೆಯತ್ತ ಎಸೆದ ಪಾಸ್‌ಗಳನ್ನಷ್ಟೇ ಬಿಡಿಸಿ ನೋಡಿ: ಚೆಂಡು ತೇಲುತ್ತ ತಡವಾಗಿ ತಲುಪಿ, ಡಿಫೆಂಡರ್‌ಗೆ ಅಡ್ಡ ನುಗ್ಗಲು ಸಮಯ ಸಿಗುತ್ತಿದ್ದರೆ ತೋಳಿನ ಕಸುವು ಇಳಿದಿದೆ ಎಂದೇ ಅರ್ಥ. ಹೊಸಬನಲ್ಲಿ ತೋಳಿಗಿಂತ ಕಣ್ಣನ್ನು ಗಮನಿಸಬೇಕು. ಮೊದಲ ರಿಸೀವರ್ (ಪಾಸ್ ಹಿಡಿಯುವವ) ಸಿಗದಿದ್ದಾಗ ಆತ ಎರಡನೆಯವನತ್ತ, ಮೂರನೆಯವನತ್ತ ದೃಷ್ಟಿ ಹಾಯಿಸುತ್ತಾನೋ, ಇಲ್ಲವೇ ಮೇಲೆರಗುವವರನ್ನು ಕಂಡೊಡನೆ ತಲೆ ತಗ್ಗಿಸಿ ಓಡುತ್ತಾನೋ? ಋತುವಿಗೆ ಮುಂಚಿನ ಪ್ರೀಸೀಸನ್ ಅಭ್ಯಾಸ ಪಂದ್ಯಗಳನ್ನು ಇದಕ್ಕೆ ಆಧಾರವಾಗಿಸಿಕೊಳ್ಳಬೇಡಿ. ಎದುರಾಳಿಗಳು ತಮ್ಮ ನಿಜವಾದ ಬ್ಲಿಟ್ಜ್‌ಗಳನ್ನು (ಹೆಚ್ಚು ಮಂದಿ ಒಟ್ಟಿಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ತಂತ್ರ) ಅಲ್ಲಿ ಬಿಚ್ಚಿಡುವುದೇ ಅಪರೂಪ.

ಹಣದ ಲೆಕ್ಕವೂ ಇದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಡ್ರಾಫ್ಟ್ ಆದವರ ಸಂಬಳಕ್ಕೆ ಮಿತಿಯಿದ್ದು, ನಾಲ್ಕು ವರ್ಷದ ಅವಧಿಗೆ, ಮೊದಲ ಸುತ್ತಿನವರಾದರೆ, ತಂಡ ಬಯಸಿದಲ್ಲಿ, ಐದನೆಯ ವರ್ಷವೂ ಸೇರಿಕೊಳ್ಳುತ್ತದೆ. ಹೊಸಬ ಬೆಂಚಿನಲ್ಲಿ ಕಳೆಯುವ ಪ್ರತಿ ವರ್ಷವೂ ಕಡಿಮೆ ಸಂಬಳದ ಈ ಅವಧಿಯಿಂದಲೇ ಕಳೆದುಹೋಗುವುದರಿಂದ, ಒಂದು ವರ್ಷದ ಕಾಯುವಿಕೆ ಸಾಕೆಂಬುದು ನನ್ನ ಅಭಿಪ್ರಾಯ. ಕಾನ್ಸಾಸ್ ಸಿಟಿ ಚೀಫ್ಸ್ 2017ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಅಲೆಕ್ಸ್ ಸ್ಮಿತ್ ಅವರ ಹಿಂದೆ ಕೂರಿಸಿ, ಮರುವರ್ಷ ತಂಡವನ್ನೇ ಒಪ್ಪಿಸಿತು. ಆ ಋತುವಿನಲ್ಲಿ ಅವರು 50 ಟಚ್‌ಡೌನ್ ಪಾಸ್ ಎಸೆದರು. ಗ್ರೀನ್ ಬೇ ಪ್ಯಾಕರ್ಸ್ ಜೋರ್ಡನ್ ಲವ್ ಅವರನ್ನು ಮೂರು ವರ್ಷ ಕಾಯಿಸಿತಾದರೂ, ಅಲ್ಲಿ ಹಿರಿಯ ಆರನ್ ರಾಜರ್ಸ್ 2020 ಮತ್ತು 2021ರಲ್ಲಿ ಎಂವಿಪಿ (ಲೀಗಿನ ಅತ್ಯಮೂಲ್ಯ ಆಟಗಾರ) ಆಗಿದ್ದರು. ಆ ಮಟ್ಟದ ಹಿರಿಯ ಎಲ್ಲರಿಗೂ ಸಿಗುವುದಿಲ್ಲ.

ಬದಲಾವಣೆ ಮಾಡಿದ ಮೇಲೆ ಎರಡು ಸೋಲಿಗೆ ಹೆದರಿ ಹಿಂದಿರುಗಬಾರದು. 2004ರಲ್ಲಿ ನ್ಯೂಯಾರ್ಕ್ ಜೈಂಟ್ಸ್, ಕರ್ಟ್ ವಾರ್ನರ್ ಅವರನ್ನು ಕೂರಿಸಿ ಈಲೈ ಮ್ಯಾನಿಂಗ್‌ಗೆ ಅವಕಾಶ ಕೊಟ್ಟಾಗ ಅವರು ಮೊದಲ ಆರು ಪಂದ್ಯಗಳನ್ನೂ ಸೋತರು. ಕೋಚ್ ಟಾಮ್ ಕಾಫ್ಲಿನ್ ಮನಸ್ಸು ಬದಲಿಸಲಿಲ್ಲ. ಹಿರಿಯನನ್ನು ಕಳುಹಿಸುವುದೇ ನಿಶ್ಚಯವಾದರೆ ಆತನಿಗೆ ಇನ್ನೂ ಬೆಲೆಯಿರುವಾಗಲೇ ಕಳುಹಿಸಬೇಕು: ಸ್ಮಿತ್ ಉತ್ತಮವಾಗಿ ಆಡಿದ ಋತು ಮುಗಿದೊಡನೆ ಚೀಫ್ಸ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟು, ಬದಲಿಗೆ ಡಿಫೆಂಡರ್ ಕೆಂಡಲ್ ಫುಲ್ಲರ್ ಅವರನ್ನೂ ಡ್ರಾಫ್ಟ್‌ನ ಮೂರನೆಯ ಸುತ್ತಿನ ಒಂದು ಆಯ್ಕೆಯನ್ನೂ ಪಡೆಯಿತು.