ದೂರು ಅವಳ ಮಾತಿನಲ್ಲೇ ಇರಬೇಕು: ಆಂತರಿಕ ಸಮಿತಿಯಲ್ಲಿ ನನ್ನ ಅನುಭವ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು ಮತ್ತು ಅದರಲ್ಲಿ ಸಂಸ್ಥೆಯ ನೌಕರರಲ್ಲದ ಹೊರಗಿನ ಸದಸ್ಯರೊಬ್ಬರು ಇರಬೇಕು. ಬೆಂಗಳೂರಿನ ಸುತ್ತಮುತ್ತಲಿನ ಕೆಲವು ಗಾರ್ಮೆಂಟ್ ಕಾರ್ಖಾನೆಗಳ ಸಮಿತಿಗಳಲ್ಲಿ ನಾನು ಆ ಸ್ಥಾನದಲ್ಲಿ ಕೆಲಸ ಮಾಡಿದ್ದೇನೆ. ದೂರುದಾರೆಯ ಗುರುತನ್ನಾಗಲಿ ವಿಚಾರಣೆಯ ವಿವರವನ್ನಾಗಲಿ ಹೊರಗೆ ಹೇಳಬಾರದೆಂದು 16ನೇ ಕಲಂ ನಿರ್ಬಂಧಿಸುತ್ತದೆ. ಗುರುತು ಸಿಗದಂತೆ, ದೊರೆತ ನ್ಯಾಯದ ಬಗ್ಗೆ ತಿಳಿಸಲು ಮಾತ್ರ ಅವಕಾಶವಿದೆ. ಆ ಮಿತಿಯೊಳಗೆ, ಗುರುತಾಗಬಹುದಾದ ಸಂಗತಿಗಳನ್ನು ಬದಲಿಸಿ, ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಹೊಲಿಗೆ ವಿಭಾಗದ ಟೈಲರ್. ನಮ್ಮ ಮುಂದೆ ಬಂದದ್ದು ದಸರಾ ರಜೆ ಕಳೆದ ಮೇಲೆ. ಲೈನ್ ಸೂಪರ್‌ವೈಸರ್‌ನ ಕಾಟ ಶುರುವಾದದ್ದು ಯುಗಾದಿಯ ಹೊತ್ತಿಗೆ ಎಂದು ಆಕೆ ಹೇಳಿದ ಕೂಡಲೇ ಆಡಳಿತದ ಕಡೆಯ ಸದಸ್ಯರೊಬ್ಬರು, ದೂರು ಕೊಡುವ ಮೂರು ತಿಂಗಳ ಅವಧಿ ಮುಗಿದಿದೆ ಎಂದರು. 9ನೇ ಕಲಂ ಹೇಳುವುದು ಹಾಗಲ್ಲ. ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಮೂರು ತಿಂಗಳನ್ನು ಕೊನೆಯ ಘಟನೆಯಿಂದ ಎಣಿಸಬೇಕು. ಆ ಅವಧಿಯೂ ಮೀರಿದ್ದರೆ, ತಡವಾದುದಕ್ಕೆ ಒಪ್ಪುವಂಥ ಕಾರಣವಿದ್ದಲ್ಲಿ ಅದನ್ನು ದಾಖಲಿಸಿ ಸಮಿತಿಯೇ ಇನ್ನೂ ಮೂರು ತಿಂಗಳವರೆಗೆ ಕಾಲಾವಕಾಶ ಕೊಡಬಹುದು. ಆದ್ದರಿಂದ ನಾನು ಆಕೆಗೆ ಕೇಳಿದ್ದು ಒಂದೇ ಪ್ರಶ್ನೆ: “ಕೊನೇ ಸಲ ಯಾವತ್ತಮ್ಮಾ?”

“ತಾರೀಖು ಗೊತ್ತಿಲ್ಲ ಮೇಡಂ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿವ್ಸ. ಹೂವು, ಬಾಳೆಕಂದು ತರ್ಬೇಕಿತ್ತು, ಒಂದ್ಗಂಟೆ ಮುಂಚೆ ಬಿಡಿ ಸಾರ್ ಅಂತ ಕೇಳೋಕೆ ಹೋಗಿದ್ದೆ.”

ವರಮಹಾಲಕ್ಷ್ಮಿ ಶುಕ್ರವಾರದ ಹಬ್ಬ. ಹಾಗಾಗಿ ಹಿಂದಿನ ದಿನ ಗುರುವಾರ. ದಾಖಲೆ ತರಿಸಿಕೊಳ್ಳುವ ವಿಷಯದಲ್ಲಿ ಸಮಿತಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಗೇಟಿನ ಪುಸ್ತಕ ತರಿಸಿದೆವು. ಆ ಗುರುವಾರದ ಪುಟದಲ್ಲಿ ಆಕೆಯ ಟೋಕನ್ ನಂಬರ್ ಇತ್ತು, ಹೊರಗೆ ಹೋದ ಸಮಯ 4.20 ಎಂದಿತ್ತು, ಪಕ್ಕದಲ್ಲಿ ಪಿನ್ ಹಾಕಿದ್ದ ಗೇಟ್ ಪಾಸಿನ ಮೇಲೆ ಸೂಪರ್‌ವೈಸರ್‌ನ ಸಹಿಯಿತ್ತು. ಅವಧಿಯ ತಕರಾರು ಅಲ್ಲಿಗೆ ಮುಗಿಯಿತು; ಅದೇ ಚೀಟಿ ಮುಂದೆ, ಆ ದಿನ ಆಕೆ ತನ್ನ ಬಳಿ ಬರಲೇ ಇಲ್ಲವೆಂಬ ಆತನ ಹೇಳಿಕೆಗೂ ಉತ್ತರವಾಯಿತು.

ದೂರು ಲಿಖಿತವಾಗಿರಬೇಕು. ಆದರೆ ಬರೆಯಲು ಆಗದವಳಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯವೆಂದು ಅದೇ 9ನೇ ಕಲಂ ಹೇಳುತ್ತದೆ ಎಂಬುದು ಬಹಳಷ್ಟು ಸದಸ್ಯರಿಗೇ ತಿಳಿದಿರುವುದಿಲ್ಲ. ಆಕೆ ಹೇಳುತ್ತಾ ಹೋದಳು, ಕಚೇರಿಯ ಗುಮಾಸ್ತರು ಬರೆಯುತ್ತಾ ಹೋದರು. ಓದಿ ನೋಡಿದಾಗ ಇದ್ದದ್ದು ಒಂದೇ ಸಾಲು: “ಸದರಿ ಮೇಲ್ವಿಚಾರಕರು ನನ್ನೊಂದಿಗೆ ಅಸಭ್ಯವಾಗಿ ವರ್ತಿಸಿರುತ್ತಾರೆ.” ಮರ್ಯಾದೆಯ ಭಾಷೆಯೆಂದು ಅವರು ಹಾಗೆ ಬರೆದಿದ್ದರು, ಕೆಟ್ಟ ಉದ್ದೇಶದಿಂದಲ್ಲ. ಆದರೆ ಆಕೆ ಹೇಳಿದ್ದು ಬೇರೆ. ಬಂಡಲ್ ಕೊಡುವ ನೆಪದಲ್ಲಿ ಹಿಂದಿನಿಂದ ಬಂದು ಸೊಂಟಕ್ಕೆ ಕೈ ಹಾಕಿದ್ದು, ಪಾಸಿಗೆ ಸಹಿ ಮಾಡುವಾಗ ಮುಂಗೈ ಹಿಡಿದು ಬಿಡದೆ ಹೋದದ್ದು, ಆಗ ಆತ ಆಡಿದ ಮಾತು, ಎದುರು ಮೆಷಿನ್‌ನಲ್ಲಿದ್ದವಳು ತಲೆ ಎತ್ತಿ ನೋಡಿದ್ದು, ಎಲ್ಲವನ್ನೂ ಆಕೆ ಹೇಳಿದ್ದಳು. “ಅಸಭ್ಯ ವರ್ತನೆ” ಎಂಬುದಕ್ಕೆ “ಸುಳ್ಳು” ಎಂದು ಉತ್ತರ ಕೊಟ್ಟು ಸುಮ್ಮನಾಗಬಹುದು. ಮುಂಗೈ ಹಿಡಿದ ವಿಷಯಕ್ಕೆ ಹಾಗೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಆ ಹಾಳೆಯನ್ನು ಬದಿಗಿಟ್ಟು, ನಾನೇ ಪೆನ್ನು ಹಿಡಿದು, ಆಕೆಯ ಆಡುಮಾತನ್ನು ಇದ್ದ ಹಾಗೆ ಬರೆದೆ. ಎರಡು ಸಲ ಓದಿ ಹೇಳಿದ ಮೇಲೆ ಆಕೆ ಸಹಿ ಮಾಡಿದಳು. ನಿಯಮದಂತೆ ದೂರಿನ ಆರು ಪ್ರತಿ ಬೇಕು. ಏಳನೆಯದೊಂದನ್ನು ಮಾಡಿಸಿ, ಸ್ವೀಕೃತಿಯ ಮೊಹರು ಮತ್ತು ತಾರೀಖು ಹಾಕಿಸಿ ದೂರುದಾರೆಯ ಕೈಗೆ ಕೊಡುವುದು ನಾನು ರೂಢಿಸಿಕೊಂಡ ಕ್ರಮ.

ಎರಡೇ ದಿನದಲ್ಲಿ, ಆಕೆಯ ಒಳ್ಳೆಯದಕ್ಕೇ ಎಂದು ಹೇಳಿ, ಆಡಳಿತದವರು ಆಕೆಯನ್ನು ಬೇರೆ ಯೂನಿಟ್‌ಗೆ ಹಾಕಲು ಹೊರಟರು. ಅಲ್ಲಿಗೆ ಎರಡು ಬಸ್ ಬದಲಿಸಬೇಕು. ಅದಕ್ಕಿಂತ ಮುಖ್ಯವಾಗಿ, ಸಾಕ್ಷಿ ಹೇಳಬೇಕಾದ ಗೆಳತಿಯರೆಲ್ಲ ಹಳೆಯ ಲೈನಿನಲ್ಲಿ, ಅದೇ ಸೂಪರ್‌ವೈಸರ್‌ನ ಕೈಕೆಳಗೆ ಉಳಿಯುತ್ತಿದ್ದರು. 12ನೇ ಕಲಂನ ಮಧ್ಯಂತರ ಪರಿಹಾರ ದೂರುದಾರೆಯ ಲಿಖಿತ ಕೋರಿಕೆಯ ಮೇಲೆ ಸಿಗುವಂಥದ್ದು. ಆತನನ್ನು ಬೇರೆಡೆಗೆ ಕಳಿಸಿ ಎಂದೂ ಆಕೆ ಕೇಳಬಹುದು, ಮೂರು ತಿಂಗಳವರೆಗೆ ಹೆಚ್ಚುವರಿ ರಜೆಯನ್ನೂ ಕೇಳಬಹುದು. ಆಕೆ ಮೊದಲನೆಯದನ್ನು ಕೇಳಿದಳು. ಸಮಿತಿ ಶಿಫಾರಸು ಮಾಡಿತು. ಆತ ಗೋದಾಮಿಗೆ ಹೋದ.

ರಾಜಿಯ ವಿಷಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮೊದಲ ವರ್ಷ ನಾನು ಎಡವಿದ್ದು ಅಲ್ಲಿಯೇ. ಇನ್ನೊಂದು ಕಾರ್ಖಾನೆಯಲ್ಲಿ “ಹುಡುಗಿ ಒಪ್ಪಿದ್ದಾಳೆ” ಎಂಬ ಮಾತನ್ನು ನಂಬಿ ರಾಜಿಪತ್ರಕ್ಕೆ ಸಹಿ ಹಾಕಿದೆ. ಆಕೆಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಲಿಲ್ಲ. ರಾಜಿಯಾದರೆ ಮುಂದೆ ವಿಚಾರಣೆ ನಡೆಯುವುದಿಲ್ಲ. ರಾಜಿಯನ್ನು ಆಕೆಯೇ ಕೋರಬೇಕು, ಅದಕ್ಕೆ ಹಣ ಆಧಾರವಾಗಬಾರದು ಎಂದು 10ನೇ ಕಲಂ ಹೇಳುತ್ತದೆ. ಆಕೆ ತಿಂಗಳೊಳಗೆ ಕೆಲಸ ಬಿಟ್ಟಳೆಂದು ತಿಳಿದಾಗ ನನಗಾದ ಸಂಕಟ ಇನ್ನೂ ಹೋಗಿಲ್ಲ. ಅಂದಿನಿಂದ, ಆಡಳಿತದವರು ಯಾರೂ ಇಲ್ಲದ ಕೋಣೆಯಲ್ಲಿ ಮಾತನಾಡದೆ ಯಾವ ರಾಜಿಯನ್ನೂ ನಾನು ಒಪ್ಪಿಲ್ಲ.

ಸಾಕ್ಷಿ ಹೇಳುವವರು ಹೆದರುವುದು “ಸುಳ್ಳು ದೂರಿಗೆ ಶಿಕ್ಷೆ” ಎಂಬ ಮಾತಿಗೆ. ದೂರು ಸಾಬೀತಾಗಲಿಲ್ಲ ಎಂಬ ಕಾರಣಕ್ಕೇ ಯಾರ ಮೇಲೂ ಕ್ರಮ ಕೈಗೊಳ್ಳುವಂತಿಲ್ಲ. ದುರುದ್ದೇಶವಿತ್ತೆಂದು ವಿಚಾರಣೆಯಿಂದಲೇ ಸ್ಥಾಪಿತವಾಗಬೇಕು. ಇದನ್ನು ಆ ಲೈನಿನವರಿಗೆ ಊಟದ ವಿರಾಮದಲ್ಲಿ ವಿವರಿಸಿದ ಮೇಲೆಯೇ ಎದುರು ಮೆಷಿನ್‌ನಾಕೆ ಹೇಳಿಕೆ ಕೊಟ್ಟದ್ದು. ಈ ವಿಚಾರಣೆಯಲ್ಲಿ ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ. ಆತನ ಪ್ರಶ್ನೆಗಳನ್ನು ಬರಹದಲ್ಲಿ ಪಡೆದು, ಆತನನ್ನು ಹೊರಗೆ ಕೂರಿಸಿ, ನಾವೇ ಆಕೆಗೆ ಕೇಳಿದೆವು.

ಪೊಲೀಸ್ ದೂರಿನ ದಾರಿ ಇದರ ಜೊತೆಗೇ ತೆರೆದಿರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳದ್ದು, ಮತ್ತು ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕು. ಮಹಿಳೆಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ, ಅಥವಾ ಮಾಲೀಕನ ಮೇಲೆಯೇ ದೂರಿದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಅದೇ.

ವಿಚಾರಣೆ 90 ದಿನದೊಳಗೆ ಮುಗಿಯಿತು, ಆರೋಪ ಸಾಬೀತಾಯಿತು, ಆಡಳಿತ ಆತನನ್ನು ಕೆಲಸದಿಂದ ತೆಗೆಯಿತು. ವರದಿಯ ಪ್ರತಿ ಕೈಗೆ ಬಂದ ದಿನ ಆಕೆ ಹಾಳೆ ತಿರುವಿ ನನ್ನ ಮುಂದಿಟ್ಟು, “ನಾನು ಹೇಳಿದ್ದು ಎಲ್ಲಿದೆ ತೋರ್ಸಿ ಮೇಡಂ” ಎಂದಳು. ಮೂರನೇ ಪುಟ ತೆಗೆದು ಬೆರಳಿಟ್ಟು ತೋರಿಸಿದೆ. ಬಾಳೆಕಂದಿನ ಮಾತೂ ಅಲ್ಲಿತ್ತು.