ಸಾರ್ಟರ್ ಇಲ್ಲದೆ, ಬರೀ ಆಯಸ್ಕಾಂತದಲ್ಲಿ: ನನ್ನ ಅನುಭವ

ಒಂದು ಪ್ರೊಟೀನಿನ ಬೇರೆಬೇರೆ ರೂಪಗಳನ್ನು ಯೀಸ್ಟ್ ಕೋಶಗಳ ಮೈಮೇಲೆ ಕೂರಿಸಿ, ಗಟ್ಟಿಯಾಗಿ ಹಿಡಿಯುವುದನ್ನು ಆರಿಸುವುದಕ್ಕೆ ಯೀಸ್ಟ್ ಡಿಸ್‌ಪ್ಲೇ ಎನ್ನುತ್ತಾರೆ. ಕೋಶಗಳನ್ನು ಒಂದೊಂದಾಗಿ ನೋಡಿ ಬೇರ್ಪಡಿಸುವ ಯಂತ್ರ ಸೆಲ್ ಸಾರ್ಟರ್. ಅದಿಲ್ಲದೆ ಯೀಸ್ಟ್ ಡಿಸ್‌ಪ್ಲೇ ಆಗುವ ಮಾತಲ್ಲ ಎಂದು ನನಗೆ ಹೇಳದವರು ಕಡಿಮೆ. ಒಂದು ಅನುದಾನ ಸಮಿತಿಯವರು ನನ್ನ ಅರ್ಜಿಯ ಎರಡನೇ ಪುಟದಲ್ಲೇ ನಿಂತುಬಿಟ್ಟರು. "ಸಾರ್ಟರ್ ಎಲ್ಲಿದೆ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಇದನ್ನು ಬೆಂಗಳೂರಿನವರಿಗೆ ಬಿಡಿ" ಎಂದರು. ದುಡ್ಡು ಬರಲಿಲ್ಲ. ಈಗ ಮಂಗಳೂರಿನ ಬಳಿಯ ದೇರಳಕಟ್ಟೆಯ ನಮ್ಮ ಪುಟ್ಟ ಲ್ಯಾಬಿನ ಮೈನಸ್ ಎಂಬತ್ತರ ಫ್ರೀಜರ್‌ನಲ್ಲಿ, ಪಿಡಿ-ಎಲ್1 ಅನ್ನು ಒಂದಂಕಿಯ ನ್ಯಾನೋಮೋಲಾರ್‌ನಲ್ಲಿ ಹಿಡಿಯುವ ಪಿಡಿ-1 ಕ್ಲೋನ್ ಉಂಟು. ಪಿಡಿ-1 ಎಂದರೆ ರೋಗನಿರೋಧಕ ಟಿ ಕೋಶದ ಮೇಲಿನ ಬ್ರೇಕ್, ಪಿಡಿ-ಎಲ್1 ಎಂದರೆ ಆ ಬ್ರೇಕ್ ಒತ್ತಲು ಕ್ಯಾನ್ಸರ್ ಕೋಶ ಬಳಸುವ ಪ್ರೊಟೀನ್. ನ್ಯಾನೋಮೋಲಾರ್ ಹಿಡಿತದ ಅಳತೆ, ಅಂಕಿ ಚಿಕ್ಕದಾದಷ್ಟೂ ಹಿಡಿತ ಗಟ್ಟಿ. ನಮ್ಮ ಕ್ಲೋನ್, ಅಂದರೆ ಪಿಡಿ-1ರ ಬದಲಾದ ರೂಪ, ಸಾರ್ಟರ್ ಮುಟ್ಟದೆ ಬಂದದ್ದು. ಇದು ಹೇಗಾಯಿತು ಎಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೊಣಾಜೆಯಲ್ಲಿ ಎಂಎಸ್ಸಿ ಮಾಡಿ, ಹೊರದೇಶದಲ್ಲಿ ಪೋಸ್ಟ್‌ಡಾಕ್ ಮುಗಿಸಿ ವಾಪಸು ಬಂದವನು. 2018ರಲ್ಲಿ ಆಲಿಸನ್ ಮತ್ತು ಹೊಂಜೊ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಅದೇ ವರ್ಷ ರಸಾಯನಶಾಸ್ತ್ರದ್ದು ಅರ್ನಾಲ್ಡ್, ಸ್ಮಿತ್ ಮತ್ತು ವಿಂಟರ್ ಅವರಿಗೆ. ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಇಮ್ಯುನೋಥೆರಪಿ ಒಂದು ಕಡೆ, ಪ್ರೊಟೀನ್ ಎಂಜಿನಿಯರಿಂಗ್ ಇನ್ನೊಂದು ಕಡೆ. ನಾನು ನಿಂತಿದ್ದದ್ದು ಸರಿಯಾಗಿ ಅವೆರಡರ ನಡುವೆ. ಊರಿಗೆ ಬಂದ ಮೇಲೆ ಯಾವ ಟಾರ್ಗೆಟ್ ಎಂದು ಯೋಚಿಸಬೇಕಾಗಲಿಲ್ಲ. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ ನಮ್ಮ ಕಡೆ ಮನೆಮನೆಯಲ್ಲೂ ಇವೆ. ಬಾಯಿ ಕ್ಯಾನ್ಸರ್ ವಾರ್ಡುಗಳೂ ತುಂಬಿವೆ. ಪಿಡಿ-1 ತಡೆಯುವ ಔಷಧಿ ಇದೆ ಎಂದು ಡಾಕ್ಟರು ಹೇಳಬಹುದು. ಲಕ್ಷಗಟ್ಟಲೆ ಕೊಟ್ಟು ತೆಗೆದುಕೊಳ್ಳುವವರು ಯಾರು? ಟಾಟಾ ಮೆಮೋರಿಯಲ್‌ನವರು 2022ರಲ್ಲಿ ಪ್ರಕಟಿಸಿದ ಟ್ರಯಲ್ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮಾತ್ರೆಗಳ ಕೀಮೋ ಜೊತೆಗೆ ಮೂರು ವಾರಕ್ಕೊಮ್ಮೆ ಪಿಡಿ-1 ತಡೆಯುವ ನಿವೊಲುಮ್ಯಾಬ್ ಬರೀ 20 ಮಿಲಿಗ್ರಾಂ. ಮಾಮೂಲಿ ಡೋಸಿನ ಹತ್ತನೇ ಒಂದು ಭಾಗವೂ ಅಲ್ಲ. ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 16 ಇದ್ದದ್ದು 43ಕ್ಕೆ ಏರಿತ್ತು. ಕಡಿಮೆ ದುಡ್ಡಿನಲ್ಲಿ ಯೋಚಿಸುವುದೂ ವಿಜ್ಞಾನವೇ ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಮೊದಲು ಬೇಕಾದದ್ದು ಪಿಡಿ-ಎಲ್1. ಬಯೋಟಿನ್ (ಪ್ರೊಟೀನನ್ನು ಹಿಡಿದೆಳೆಯಲು ಕೊಕ್ಕೆಯಂತೆ ಬಳಸುವ ವಿಟಮಿನ್) ಹಚ್ಚಿದ್ದನ್ನು ಹೊರಗಿನಿಂದ ತರಿಸಿದರೆ ನೂರು ಮೈಕ್ರೋಗ್ರಾಂಗೆ ಐವತ್ತು ಸಾವಿರದ ಆಚೀಚೆ. ಎರಡು ಸಲ ತರಿಸಿದೆವು. ಒಂದು ಪಾರ್ಸೆಲ್ ದಾರಿಯಲ್ಲೇ ಎಲ್ಲೋ ಕೂತು, ಐಸ್ ಕರಗಿ, ಬೆಚ್ಚಗಾಗಿ ನಮ್ಮ ಕೈ ಸೇರಿತು. ಆಮೇಲೆ ನಾವೇ ಮಾಡುವುದು ಎಂದು ಗಟ್ಟಿಮಾಡಿದೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಅದು ಕರಗುವುದಿಲ್ಲ, ಇನ್‌ಕ್ಲೂಷನ್ ಬಾಡಿ ಎಂಬ ಮುದ್ದೆಯಾಗಿ ಕೂರುತ್ತದೆ. ಗ್ವಾನಿಡೀನ್‌ನಲ್ಲಿ ಬಿಡಿಸಿ, ಒಂದು ಮೋಲಾರ್ ಅರ್ಜಿನೀನ್ ಇರುವ ಬಫರ್‌ಗೆ ಹನಿಹನಿಯಾಗಿ ಬಿಟ್ಟು ಮತ್ತೆ ಮಡಿಚಬೇಕು. ಪೋಲೆಂಡಿನ ತಂಡವೊಂದು 2015ರಲ್ಲಿ ಮನುಷ್ಯರ ಪಿಡಿ-1, ಪಿಡಿ-ಎಲ್1 ಜೋಡಿಯ ರಚನೆ ಕಂಡುಹಿಡಿದದ್ದು ಹೀಗೆ ಮಡಿಚಿದ ಪ್ರೊಟೀನಿನಿಂದಲೇ. ಆದರೂ ನಮ್ಮಲ್ಲಿ ಮೊದಮೊದಲು ಬೆಳಿಗ್ಗೆ ಬಂದು ನೋಡಿದರೆ ಬೀಕರ್ ತುಂಬ ಬಿಳಿ ಮೋಡ. ಹನಿ ಬಿಡುವ ವೇಗ ಇಳಿಸಿದೆವು, ಪ್ರೊಟೀನ್ ತೆಳು ಮಾಡಿದೆವು, ಗ್ಲುಟಾಥಯೋನ್ ಪ್ರತಿ ಸಲ ಹೊಸತಾಗಿ ಕರಗಿಸಿದೆವು. ಕೊನೆಗೆ ಒಂದು ಲೀಟರ್ ಕಲ್ಚರ್‌ಗೆ ಮೂರು ನಾಲ್ಕು ಮಿಲಿಗ್ರಾಂ ನಿಂತಿತು. ಬಯೋಟಿನ್ ಅಂಟಿಸುವ ಬಿರ್‌ಎ ಎನ್ಜೈಮನ್ನೂ ನಾವೇ ಮಾಡಿಕೊಂಡೆವು. ಪ್ರೊಟೀನಿಗೆ ಸೇರಿಸಿದ ಎವಿ-ಟ್ಯಾಗ್ ಎಂಬ ಪುಟ್ಟ ತುಂಡಿನ ಮೇಲೆ ಮಾತ್ರ ಬಯೋಟಿನ್ ಕೂರುತ್ತದೆ, ಹಿಡಿಯುವ ಮುಖ ಖಾಲಿ ಉಳಿಯುತ್ತದೆ.

ಇಲ್ಲೊಂದು ಅಡ್ಡದಾರಿ ಹೇಳಲೇಬೇಕು. ಒಂದು ಲೀಟರ್ ಬಫರ್‌ಗೆ ಅರ್ಜಿನೀನ್ 174 ಗ್ರಾಂ. ಐದು ಲೀಟರ್ ಮಾಡುವ ಹೊತ್ತಿಗೆ ಲ್ಯಾಬ್ ಬಾಟಲಿ ಖಾಲಿ, ಪರ್ಸೂ ಖಾಲಿ. ಜಿಮ್‌ನವರಿಗೆ ಮಾರುವ ಅರ್ಜಿನೀನ್ ಪುಡಿ ಉಂಟಲ್ವಾ? ಬಣ್ಣ, ರುಚಿ ಏನೂ ಸೇರಿಸದ್ದನ್ನು ತಂದು ನೋಡಿದೆ. ಲ್ಯಾಬ್ ಬೆಲೆಯ ಮೂರನೇ ಒಂದು ಭಾಗ. ಅದು ಫ್ರೀ ಬೇಸ್ (ಆ್ಯಸಿಡ್ ಸೇರಿಸದ ರೂಪ), ಕರಗಿಸಿದರೆ ಪಿಎಚ್ ಹತ್ತರ ಮೇಲೆ ಹೋಗುತ್ತದೆ. ಆ್ಯಸಿಡ್ ಹಾಕುತ್ತಾ ಎಂಟಕ್ಕೆ ತರುವಾಗ ಬೀಕರ್ ಬಿಸಿಯಾಗುತ್ತದೆ. ಚೆನ್ನಾಗಿ ತಣಿಸಿ ಸೋಸಿದರೆ ಕೆಲಸ ಮಾಡುತ್ತದೆ. ಎರಡು ಬ್ಯಾಚ್‌ನಲ್ಲಿ ಇಳುವರಿ ಹೆಚ್ಚುಕಮ್ಮಿ ಅಷ್ಟೇ ಬಂತು. ಮೂರನೇ ಡಬ್ಬಿಯ ಪುಡಿ ಮಾತ್ರ ಹಳದಿ ತಿರುಗಿತು, ಅದನ್ನು ಬಳಸಲಿಲ್ಲ. ಡಬ್ಬಿ ಡಬ್ಬಿಗೂ ಮೊದಲು ಚಿಕ್ಕದಾಗಿ ಪರೀಕ್ಷೆ ಮಾಡಿಕೊಳ್ಳಿ.

ಇನ್ನು ಲೈಬ್ರರಿ, ಅಂದರೆ ಒಂದೊಂದು ಯೀಸ್ಟಿನ ಮೇಲೆ ಪಿಡಿ-1ರ ಒಂದೊಂದು ಬದಲಾದ ರೂಪ ಇರುವ ರಾಶಿ. ಜೀನಿನ ನಕಲಿನಲ್ಲಿ ಬೇಕೆಂದೇ ತಪ್ಪು ತರಿಸಲು ಮ್ಯಾಂಗನೀಸ್ ಹಾಕಿದ ಪಿಸಿಆರ್, ಇಬಿವೈ100 ಯೀಸ್ಟ್, ಮಣಿಪಾಲದ ಗೆಳೆಯರ ಲ್ಯಾಬಿನಲ್ಲಿರುವ, ಯೀಸ್ಟಿನೊಳಗೆ ಡಿಎನ್‌ಎ ಸೇರಿಸುವ ಎಲೆಕ್ಟ್ರೋಪೊರೇಟರ್. ಒಂದು ಕೋಟಿ ಹತ್ತಿರ ಕ್ಲೋನ್ ಸಿಕ್ಕಿತು. ಇದರಲ್ಲಿ ಹೊಸತೇನೂ ಇಲ್ಲ. ಕಷ್ಟ ಕೊಟ್ಟದ್ದು ಮಳೆಗಾಲ. ಜೂನ್ ಹಿಡಿದರೆ ಗೋಡೆಯಲ್ಲೂ ಬೂಸ್ಟು, ಫ್ಲಾಸ್ಕಿನಲ್ಲೂ ಬೂಸ್ಟು. ಸಿಟ್ರೇಟ್ ಮೀಡಿಯಾದ ಹುಳಿಗೆ ಬ್ಯಾಕ್ಟೀರಿಯಾ ಬರುವುದಿಲ್ಲ, ಬೂಸ್ಟಿಗೆ ಆ ಹುಳಿ ಏನೂ ಲೆಕ್ಕಕ್ಕಿಲ್ಲ. ಇಡೀ ಒಂದು ಲೈಬ್ರರಿ ಹಾಗೆ ಹೋಯಿತು, ಹೆಚ್ಚು ಕಡಿಮೆ ಲಕ್ಷ ರೂಪಾಯಿಯ ಕೆಲಸ. ಈಗ ಲೈಬ್ರರಿ ಮಾಡುವುದೇನಿದ್ದರೂ ದೀಪಾವಳಿ ಕಳೆದ ಮೇಲೆ. ಗ್ಯಾಲಕ್ಟೋಸ್ ಇಂಡಕ್ಷನ್ (ಆ ಸಕ್ಕರೆ ಕೊಟ್ಟು ಯೀಸ್ಟಿನಿಂದ ಪಿಡಿ-1 ಮಾಡಿಸುವುದು) 20 ಡಿಗ್ರಿಯಲ್ಲೇ ಆಗಬೇಕು. ಏಪ್ರಿಲ್‌ನಲ್ಲಿ ರೂಮೇ 33 ಇರುವಾಗ ಶೇಕರ್‌ನ ಕಂಪ್ರೆಸರ್ ಒದ್ದಾಡುತ್ತದೆ, ಜೊತೆಗೆ ಕರೆಂಟಿನ ಆಟ. ಬ್ಯಾಟರಿ, ಇನ್ವರ್ಟರ್‌ಗೇ ಒಂದೂವರೆ ಲಕ್ಷ ಹಾಕಿದೆವು. ಅದು ಹಾಕಿದ ಮೇಲೇ ಪಿಡಿ-1 ಹೊತ್ತ ಯೀಸ್ಟ್ ನೂರಕ್ಕೆ ಐವತ್ತರ ಮೇಲೆ ನಿಂತದ್ದು.

ನಮ್ಮ ಆಯ್ಕೆಯ ದಾರಿ ಇಷ್ಟು: ಆಯಸ್ಕಾಂತಕ್ಕೆ ಅಂಟುವ ಪುಟ್ಟ ಮಣಿಗಳಿಗೆ ಪಿಡಿ-ಎಲ್1 ಹಚ್ಚಿ ಯೀಸ್ಟಿನೊಂದಿಗೆ ಬೆರೆಸುವುದು, ಮಣಿಯನ್ನು ಹಿಡಿದ ಯೀಸ್ಟನ್ನು ಆಯಸ್ಕಾಂತದಿಂದ ಎಳೆದು ಬೆಳೆಸುವುದು. ಇದು ಒಂದು ಸುತ್ತು. ಮಾರುಕಟ್ಟೆಯ ಮ್ಯಾಗ್ನೆಟ್ ರ‍್ಯಾಕ್ ನಲವತ್ತು ಸಾವಿರ ಎಂದರು. ಬೈಕಂಪಾಡಿಯ ಒಂದು ಲೇತ್ ಶಾಪಿನಲ್ಲಿ ಅಲ್ಯೂಮಿನಿಯಂ ದಿಮ್ಮಿಗೆ ತೂತು ಕೊರೆಸಿ, ಎನ್52 ನಿಯೋಡಿಮಿಯಂ ತುಂಡು ಕೂರಿಸಿದೆವು. ಎರಡೂವರೆ ಸಾವಿರದಲ್ಲಿ ಮುಗಿಯಿತು. ಟ್ಯೂಬ್ ಇಟ್ಟು ಎರಡು ನಿಮಿಷಕ್ಕೆ ಗೋಡೆಗೆ ಕಂದು ಗೆರೆ ಎಳೆದ ಹಾಗೆ ಮಣಿಗಳು ಕೂರುತ್ತವೆ, ನಡುವೆ ಯೀಸ್ಟಿನ ಬಿಳಿ ಛಾಯೆ. ಮೊದಲ ಸುತ್ತಿನಲ್ಲಿ ಆ ಬಿಳಿ ನೋಡಿ ಎಲ್ಲರಿಗೂ ಖುಷಿ. ಪ್ಲೇಟ್ ಮಾಡಿ ನೋಡಿದರೆ ಅರ್ಧದಷ್ಟು ಪಿಡಿ-ಎಲ್1 ಬಿಟ್ಟು, ಬಯೋಟಿನ್ ಹಿಡಿಯಲು ಮಣಿಯ ಮೇಲಿರುವ ಸ್ಟ್ರೆಪ್ಟಾವಿಡಿನ್ ಪ್ರೊಟೀನಿಗೇ ಅಂಟಿದ್ದವು. ಅಂದಿನಿಂದ ಪ್ರತಿ ಸುತ್ತಿಗೂ ಮೊದಲು ಅಂಥವನ್ನು ಖಾಲಿ ಮಣಿಯಲ್ಲಿ ಎರಡು ಸಲ ತೆಗೆದುಹಾಕುವುದು, ಸುತ್ತು ಬಿಟ್ಟು ಸುತ್ತು ಆ್ಯಂಟಿ-ಬಯೋಟಿನ್ ಮಣಿ ಬಳಸುವುದು.

ಇಷ್ಟಾದರೂ ಮೂರನೇ ಸುತ್ತು ಮುಗಿದಾಗ ನನ್ನ ವಿದ್ಯಾರ್ಥಿನಿ ಸೀಕ್ವೆನ್ಸ್ ತಂದು ಮೇಜಿನ ಮೇಲಿಟ್ಟಳು. "ಸಾರ್, ಇದು ಕೂಡ ವೈಲ್ಡ್‌ಟೈಪೇ" ಎಂದಳು. ಬದಲಾಗದ ಸಹಜ ಪಿಡಿ-1 ಎಂದರ್ಥ. ಸಂದೇಹಪಟ್ಟವರ ತಕರಾರೂ ಇದೇ ಆಗಿತ್ತು. ಒಂದು ಮಣಿಯ ಮೇಲೆ ಪಿಡಿ-ಎಲ್1 ಸಾಲುಸಾಲು, ಒಂದು ಯೀಸ್ಟಿನ ಮೇಲೆ ಪಿಡಿ-1 ಸಾವಿರಗಟ್ಟಲೆ. ಸೋತ ಹಿಡಿತವೂ ಗಟ್ಟಿ ಹಿಡಿತವೂ ಅಲ್ಲಿ ಒಂದೇ. ಸಾರ್ಟರ್ ಆದರೆ ಒಂದೊಂದು ಕೋಶದ ಹೊಳಪು ನೋಡಿ ಆರಿಸುತ್ತದೆ, ಆಯಸ್ಕಾಂತಕ್ಕೆ ಅದು ತಿಳಿಯದು.

ಇಲ್ಲೇ ನಮ್ಮ ಸ್ವಂತ ಪಿಡಿ-ಎಲ್1 ಕೈಹಿಡಿದದ್ದು. ಮಣಿ ಬಿಟ್ಟು, ಮೊದಲು ಯೀಸ್ಟಿಗೆ ಬಿಡಿ ಬಯೋಟಿನ್ ಪಿಡಿ-ಎಲ್1 ಕೊಟ್ಟೆವು. ತೊಳೆದು, ಬಯೋಟಿನ್ ಇಲ್ಲದ ಪಿಡಿ-ಎಲ್1 ಅನ್ನು ಧಾರಾಳ ಸುರಿದು ಕಾದೆವು. ಬೇಗ ಬಿಡುವ ಕ್ಲೋನಿಗೆ ಬಯೋಟಿನ್ ಇಲ್ಲದ್ದು ಬಂದು ಕೂರುತ್ತದೆ. ಗಟ್ಟಿ ಹಿಡಿದದ್ದರ ಮೇಲೆ ಮಾತ್ರ ಬಯೋಟಿನ್ ಉಳಿಯುತ್ತದೆ. ಆಮೇಲೆ ಮಣಿ ಹಾಕಿ ಎಳೆಯುವುದು. ಕಾಯುವ ಹೊತ್ತನ್ನು ಹತ್ತು ನಿಮಿಷದಿಂದ ಶುರುಮಾಡಿ ಸುತ್ತು ಸುತ್ತಿಗೆ ಏರಿಸುತ್ತಾ, ಕೊನೆಗೆ ಇಡೀ ರಾತ್ರಿ ಬಿಟ್ಟೆವು. ಸಾರ್ಟರ್ ಮಾಡುವ ಆಯ್ಕೆಯನ್ನು ಸಮಯದ ಕೈಗೆ ಕೊಟ್ಟೆವು, ಇಷ್ಟೇ ಗುಟ್ಟು. ಕೊಂಡ ಪ್ರೊಟೀನ್ ಆಗಿದ್ದರೆ ಒಂದೊಂದು ಸುತ್ತಿಗೆ ಲಕ್ಷ ಬೇಕಿತ್ತು. ಪಕ್ಕದಲ್ಲೇ ವೈಲ್ಡ್‌ಟೈಪಿನ ಟ್ಯೂಬ್ ಒಂದನ್ನು ಇದೇ ದಾರಿಯಲ್ಲಿ ನಡೆಸಿ, ಎರಡರ ಕಾಲೊನಿ ಎಣಿಸಿ ತಾಳೆ ನೋಡುತ್ತಿದ್ದೆವು. ಎರಡೂ ಹತ್ತಿರ ಹತ್ತಿರ ಇದ್ದರೆ ಮುಂದಿನ ಸುತ್ತಿಗೆ ಹೋಗುತ್ತಿರಲಿಲ್ಲ. ಕೊನೆಯ ಸುತ್ತುಗಳಲ್ಲಿ ಮಣಿ ಎಷ್ಟು, ತೊಳೆಯುವ ಬಫರ್‌ಗೆ ಏನು ಸೇರಿಸಿದ್ದು, ಯಾವ ಜಾಗದ ಅಮೈನೋ ಆ್ಯಸಿಡ್ ಬದಲಾಯಿತು ಎಂದು ಈಗ ಹೇಳುವುದಿಲ್ಲ. ಪೇಟೆಂಟ್ ಅರ್ಜಿ ಹೋಗಲಿ.

ಬೆಂಗಳೂರಿನಲ್ಲಿ ಗಂಟೆ ಬಾಡಿಗೆಗೆ, ಹಿಡಿತ ಅಳೆಯುವ ಬಿಎಲ್‌ಐ ಮೆಷಿನ್ ಹಿಡಿದು ಅಳೆದೆವು. ಸಹಜ ಪಿಡಿ-1ರ ಹಿಡಿತ 8 ಮೈಕ್ರೋಮೋಲಾರ್ ಆಸುಪಾಸು, ನಮ್ಮದು ನಾಲ್ಕು ನ್ಯಾನೋಮೋಲಾರ್. ಎರಡು ಸಾವಿರ ಪಟ್ಟು ಗಟ್ಟಿ. ಸ್ಟ್ಯಾನ್‌ಫರ್ಡ್‌ನವರು 2015ರಲ್ಲೇ ಇದೇ ಪಿಡಿ-1 ಅನ್ನು ಪಿಕೋಮೋಲಾರ್ (ನ್ಯಾನೋಮೋಲಾರ್‌ನ ಸಾವಿರದಲ್ಲೊಂದು) ತನಕ ಒಯ್ದಿದ್ದಾರೆ. ನಾವೂ ಅತ್ತ ಹೋಗುತ್ತೇವೆ. ಇನ್ನೊಂದು ಪ್ರಶ್ನೆ ಉಳಿದಿತ್ತು. ಬ್ಯಾಕ್ಟೀರಿಯಾದಲ್ಲಿ ಮಾಡಿದ ಪಿಡಿ-ಎಲ್1ಗೆ ಸಕ್ಕರೆ ಅಂಟಿರುವುದಿಲ್ಲ. ಮನುಷ್ಯರ ಕೋಶದಲ್ಲಿ 35ನೇ ಆಸ್ಪರಜೀನ್ ಮೇಲೆ ಇರುತ್ತದೆ. ನಿಜವಾದ ಕ್ಯಾನ್ಸರ್ ಕೋಶವನ್ನು ಇದು ಹಿಡಿಯುತ್ತದಾ? ಹತ್ತಿರದ ಆಸ್ಪತ್ರೆಯಲ್ಲಿ ಲ್ಯುಕೇಮಿಯಾ ಪರೀಕ್ಷೆಯ ಫ್ಲೋ ಅನಲೈಸರ್ ಉಂಟು (ಕೋಶದ ಹೊಳಪು ಅಳೆಯುತ್ತದೆ ಅಷ್ಟೇ, ಸಾರ್ಟರ್‌ನಂತೆ ಬೇರ್ಪಡಿಸುವುದಿಲ್ಲ), ರೋಗಿಗಳ ಕೆಲಸ ಮುಗಿದ ಮೇಲೆ ಸಂಜೆ ನಮಗೆ ಬಿಟ್ಟುಕೊಟ್ಟರು. ಪಿಡಿ-ಎಲ್1 ಇರುವ ಎಂಡಿಎ-ಎಂಬಿ-231 ಸ್ತನ ಕ್ಯಾನ್ಸರ್ ಕೋಶಗಳು ಪರದೆಯಲ್ಲಿ ಪೂರ್ತಿ ಬಲಕ್ಕೆ ಸರಿದವು, ಅಂದರೆ ನಮ್ಮ ಕ್ಲೋನ್ ಅವುಗಳನ್ನು ಹಿಡಿದಿತ್ತು. ವೈಲ್ಡ್‌ಟೈಪ್ ಇದ್ದಲ್ಲೇ ಉಳಿಯಿತು. ಟೆಕ್ನಿಷಿಯನ್ ಅಕ್ಕ ಸುಮ್ನೆ ನೋಡುತ್ತಿದ್ದವರು "ಎಂತದು ಸಾರ್, ಇಷ್ಟು ಚಂದ ಬಂದಿದೆ" ಎಂದರು. ಆ ಪ್ರಿಂಟ್‌ಔಟ್ ಈಗಲೂ ನನ್ನ ಬಳಿ ಉಂಟು.

ಇದು ಔಷಧಿ ಅಲ್ಲ, ಅದಿನ್ನೂ ದೂರ. ಆದರೆ ಆ್ಯಂಟಿಬಾಡಿ 150 ಕಿಲೋಡಾಲ್ಟನ್ ತೂಕದ್ದು, ಇದು ಹದಿನಾಲ್ಕರ ಹತ್ತಿರ. ಗೆಡ್ಡೆಯೊಳಗೆ ಸುಲಭವಾಗಿ ಹೋಗುತ್ತದೆ, ರಕ್ತದಿಂದ ಬೇಗ ಕಳೆಯುತ್ತದೆ. ಯಾವ ರೋಗಿಯ ಗೆಡ್ಡೆಯಲ್ಲಿ ಪಿಡಿ-ಎಲ್1 ಇದೆ ಎಂದು ಸ್ಕ್ಯಾನ್‌ನಲ್ಲಿ ನೋಡಲು ಇಂಥದ್ದೇ ಬೇಕು.

ಖರ್ಚು ನೆನಪಿನಿಂದ ಹೇಳುತ್ತೇನೆ. ಸಂಬಳ ಬಿಟ್ಟು ಎಲ್ಲ ಸೇರಿ ಹನ್ನೆರಡು ಹದಿಮೂರು ಲಕ್ಷ. ಮಣಿಗೆ ಎರಡು, ಸೀಕ್ವೆನ್ಸಿಂಗ್ ಮತ್ತು ಪ್ರೈಮರ್‌ಗೆ ಒಂದೂವರೆ, ಹಾಳಾದ ಪಾರ್ಸೆಲ್ಲು, ಬೂಸ್ಟು ಹಿಡಿದ ಲೈಬ್ರರಿ ಎಲ್ಲ ಇದರಲ್ಲೇ. ಮೂರು ಲಕ್ಷದಷ್ಟು ನನ್ನ ಕೈಯಿಂದ ಹೋಗಿದೆ. ಸಾರ್ಟರ್ ಒಂದಕ್ಕೇ ಕೋಟಿ ದಾಟುತ್ತದೆ, ವರ್ಷದ ಸರ್ವಿಸ್ ಬೇರೆ. ಈಗ ಅದೇ ರ‍್ಯಾಕ್‌ನಲ್ಲಿ ಪಿಡಿ-1ರಂತೆಯೇ ಇನ್ನೊಂದು ಬ್ರೇಕ್ ಆದ ಟಿಜಿಟ್ ಮೇಲೆ ಕೆಲಸ ಶುರುಮಾಡಿದ್ದೇವೆ. ಎರಡು ಸುತ್ತು ಆಗಿದೆ, ವೈಲ್ಡ್‌ಟೈಪಿಗಿಂತ ಕಾಲೊನಿ ಜಾಸ್ತಿ ಬರುತ್ತಿದೆ. ಮಳೆ ಶುರುವಾಗುವ ಮೊದಲು ನಾಲ್ಕನೆಯದನ್ನು ಮುಗಿಸಬೇಕು.