ಚಿಕ್ಕಪೇಟೆ ಮನೆ ಖಾಲಿ ಮಾಡಿಸಿದ್ದು: ನನ್ನ ಅನುಭವ

ತುಮಕೂರಿನ ಚಿಕ್ಕಪೇಟೆಯಲ್ಲಿ ಅಪ್ಪ 1974ರಲ್ಲಿ ಒಂದು ಹೆಂಚಿನ ಮನೆ ಕೊಂಡರು. ಆಗ ಅವರು ಹೈಸ್ಕೂಲ್ ಮೇಷ್ಟ್ರು. ನಾನು, ನನ್ನ ತಮ್ಮ ಇಬ್ಬರೂ ಅಲ್ಲೇ ಬೆಳೆದವರು. 2009ರಲ್ಲಿ ಸೋದರತ್ತೆಯ ಮಗ, ಅಂದರೆ ನನಗೆ ಭಾವ, ಗುಬ್ಬಿ ಹತ್ತಿರದ ಹಳ್ಳಿಯಿಂದ ಮಕ್ಕಳ ಓದಿಗೆ ಅಂತ ಸಂಸಾರ ಕಟ್ಟಿಕೊಂಡು ಬಂದರು. ಜೊತೆಗೆ ಅತ್ತೆಯೂ ಬಂದರು. ಅಪ್ಪ ಮುಂದಿನ ಭಾಗ ಬಿಟ್ಟುಕೊಟ್ಟು ಹಿಂದಿನ ಎರಡು ರೂಮಿನಲ್ಲಿ ಅಮ್ಮನ ಜೊತೆ ಇದ್ದರು. ಬಾಡಿಗೆ ಕೇಳಲಿಲ್ಲ. ಅಕ್ಕನ ಮಗನ ಹತ್ತಿರ ಬಾಡಿಗೆ ಕೇಳೋದಾ ಅಂತ ಅವರ ಮನಸ್ಸು.

2016ರಲ್ಲಿ ಅಪ್ಪ ಹೋದರು. ವಿಲ್ ಬರೆದಿರಲಿಲ್ಲ. ಅಮ್ಮನನ್ನು ಬೆಂಗಳೂರಿಗೆ ನನ್ನ ಮನೆಗೆ ಕರೆದುಕೊಂಡು ಬಂದೆ. ವರ್ಷ ತುಂಬುವ ಹೊತ್ತಿಗೆ ಅಮ್ಮ ‘ನಮ್ಮನೆಗೆ ಹೋಗ್ತೀನಿ’ ಅಂತ ಶುರು ಮಾಡಿದರು. ಹೋಗಿ ನೋಡಿದರೆ ಹಿಂದಿನ ರೂಮುಗಳಲ್ಲೂ ಅವರ ಸಾಮಾನು. ಅಮ್ಮನ ಮಂಚ ಜಗಲಿ ಮೇಲೆ ನಿಲ್ಲಿಸಿದ್ದರು. ಭಾವ ಸಮಾಧಾನವಾಗೇ ಹೇಳಿದರು, ‘ಇದು ತಾತನ ದುಡ್ಡಿನ ಮನೆ ಕಣಮ್ಮ, ನಮ್ಮಮ್ಮಂಗೂ ಪಾಲಿದೆ.’ ಅಮ್ಮ ಅವತ್ತು ಊಟ ಮಾಡಲಿಲ್ಲ.

ಅಲ್ಲಿಂದ ಮನೆ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಇದೇ ಕಷ್ಟದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಕಾಗದ ಹಿಡಿದು ಓಡಾಡಿದವಳು ಅಷ್ಟೆ.

ನಮ್ಮ ವಕೀಲರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ. ‘ಆ ಮನೆಯಲ್ಲಿ ಅವರು ಪಾಲುದಾರರೋ, ಸುಮ್ನೆ ಇರಲು ಬಿಟ್ಟವರೋ?’ ಎಲ್ಲವೂ ಇದರ ಮೇಲೇ ನಿಂತಿದೆ. ಪಾಲುದಾರ ಆಗಿದ್ದರೆ ಅವರನ್ನು ‘ಖಾಲಿ ಮಾಡಿಸಲು’ ಆಗುವುದೇ ಇಲ್ಲ. ಒಬ್ಬ ಪಾಲುದಾರ ಇನ್ನೊಬ್ಬ ಪಾಲುದಾರನನ್ನು ಹೊರಗೆ ಹಾಕಲು ಬರುವುದಿಲ್ಲ, ಪಾಲಿನ ದಾವೆ ಹಾಕಿ ಭಾಗ ಮಾಡಿಸಿಕೊಳ್ಳಬೇಕು, ಇಲ್ಲವೇ ಒಬ್ಬರ ಪಾಲನ್ನು ಇನ್ನೊಬ್ಬರು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ನನ್ನ ಜೊತೆ ಕೆಲಸ ಮಾಡುವವರೊಬ್ಬರದ್ದು ಕೋಲಾರದಲ್ಲಿ ತಾತನ ಕಾಲದ ಮನೆ, ಅಲ್ಲಿ ಚಿಕ್ಕಪ್ಪ ಇದ್ದಾರೆ. ನನ್ನ ಸಹೋದ್ಯೋಗಿ ಆ ಚಿಕ್ಕಪ್ಪನಿಗೆ ಖಾಲಿ ಮಾಡಿ ಅಂತ ನೋಟಿಸ್ ಕೊಟ್ಟು ಒಂದು ವರ್ಷ ಕಳೆದುಕೊಂಡರು, ಆಮೇಲೆ ಪಾಲಿನ ದಾವೆಗೇ ಬರಬೇಕಾಯಿತು.

ನಮ್ಮದು ಹಾಗಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಗೊತ್ತಿದ್ದರೆ ಸಾಲದು, ಕಾಗದ ಬೇಕು. ಅಪ್ಪ ಸ್ವಂತ ಸಂಬಳದಲ್ಲಿ ಕೊಂಡಿದ್ದು ಅಂದರೆ ಅದು ಸ್ವಯಾರ್ಜಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಂಥ ಆಸ್ತಿ ಅಮ್ಮ, ನಾನು, ತಮ್ಮ ಮೂವರಿಗೆ ಸಮ ಸಮ. ನಾವು ಇರುವಾಗ ಅಪ್ಪನ ಅಕ್ಕನಿಗೆ ಅದರಲ್ಲಿ ಪಾಲು ಬರುವುದಿಲ್ಲ. ತಾತನ ಹೆಸರಿನ ಮನೆ ಆಗಿದ್ದಿದ್ದರೆ ಅತ್ತೆ ಕೇಳುತ್ತಿರುವುದು ನ್ಯಾಯವೇ ಆಗುತ್ತಿತ್ತು, ಆಗ ನಾನೇ ಅವರ ಪಾಲು ಕೊಡಿ ಅನ್ನುತ್ತಿದ್ದೆ. ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಭಾಗ ಕೇಳಬೇಕಾದರೆ ಗಂಡುಮಕ್ಕಳು ಭಾಗ ಆಗುವವರೆಗೂ ಕಾಯಬೇಕು ಅನ್ನುವ ಸೆಕ್ಷನ್ ಒಂದು ಆ ಕಾಯ್ದೆಯಲ್ಲಿತ್ತು. 2005ರಲ್ಲಿ ಅದನ್ನು ತೆಗೆದರು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ, ನಾನು ದಾವೆಗೆ ಸಹಿ ಹಾಕುತ್ತೇನೆ ಅಂದಾಗ ನಮ್ಮ ಕಡೆಯವರೇ ಒಬ್ಬರು ‘ಕೊಟ್ಟ ಹೆಣ್ಣಿಗೆ ಇದೆಲ್ಲ ಯಾಕೆ’ ಅಂದರು.

ಕಾಗದಕ್ಕೆ ಆರು ತಿಂಗಳು ಹೋಯಿತು. 1974ರ ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತೆಗೆಸಿದೆವು. ಇ.ಸಿ. (ಆಸ್ತಿಯ ಮೇಲಿನ ಮಾರಾಟ, ಸಾಲದಂಥ ನೋಂದಣಿಗಳ ಪಟ್ಟಿ, ಋಣಭಾರ ಪ್ರಮಾಣಪತ್ರ) ಕೂಡ, ಇತ್ತೀಚಿನ ವರ್ಷಗಳದ್ದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನ್ ಸಿಕ್ಕಿತು, ಹಳೆಯದಕ್ಕೆ ಆಫೀಸಿಗೇ ಅರ್ಜಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ. ಇವನ್ನು ಇಟ್ಟು ಮಹಾನಗರ ಪಾಲಿಕೆಯಲ್ಲಿ ಖಾತೆಯನ್ನು ಮೂವರ ಹೆಸರಿಗೆ ಮಾಡಿಸಿದೆವು. ಖಾತೆ ಅಂದರೆ ಕಂದಾಯ ಕಟ್ಟುವವರು ಯಾರು ಅನ್ನುವ ದಾಖಲೆ ಮಾತ್ರ, ಒಡೆತನಕ್ಕೆ ಅದೇ ಸಾಕ್ಷಿ ಅಲ್ಲ. ಈ ಮಾತು ಎರಡು ಕಡೆಗೂ ಸಲ್ಲುತ್ತದೆ. ಭಾವ ಎರಡು ವರ್ಷ ಕಂದಾಯ ಕಟ್ಟಿದ ರಸೀದಿ ತೋರಿಸುತ್ತಿದ್ದರು, ಅದರಿಂದ ಅವರು ಒಡೆಯರಾಗಲಿಲ್ಲ.

ನಮ್ಮನ್ನು ಉಳಿಸಿದ ಕಾಗದ ಬೇರೆಯೇ. ಅಪ್ಪ ಎಲ್ಲವನ್ನೂ ರಟ್ಟಿನ ಫೈಲಿನಲ್ಲಿ ಕಟ್ಟಿಡುತ್ತಿದ್ದರು. ಅಮ್ಮನ ಬೀರುವಿನಲ್ಲಿದ್ದ ಒಂದು ಫೈಲಿನಲ್ಲಿ, 2009ರಲ್ಲಿ ಭಾವ ಗ್ಯಾಸ್ ಕನೆಕ್ಷನ್ ತೆಗೆದುಕೊಂಡಾಗ ಅಪ್ಪ ಬರೆದುಕೊಟ್ಟ ಒಪ್ಪಿಗೆ ಪತ್ರದ ಜೆರಾಕ್ಸ್ ಸಿಕ್ಕಿತು. ‘ನನ್ನ ಅಕ್ಕನ ಮಗ ನನ್ನ ಸ್ವಂತ ಮನೆಯಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ, ಕನೆಕ್ಷನ್ ಕೊಡಲು ನನ್ನ ಅಭ್ಯಂತರ ಇಲ್ಲ.’ ಕೆಳಗೆ ಅಪ್ಪನ ಸಹಿ, ಪಕ್ಕದಲ್ಲಿ ಭಾವನ ಸಹಿ. ನಾನು ಅದನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಅವರು ಅಪ್ಪನ ಒಪ್ಪಿಗೆಯಿಂದ ಬಂದವರು ಅನ್ನುವುದಕ್ಕೆ ಅದಕ್ಕಿಂತ ಇನ್ನೇನು ಬೇಕು? ನಿಮ್ಮ ಮನೆಯಲ್ಲೂ ಹುಡುಕಿ. ಗ್ಯಾಸ್, ರೇಷನ್ ಕಾರ್ಡ್, ಮಕ್ಕಳ ಶಾಲೆ ಸೇರಿಸಿದ ಅರ್ಜಿ, ಎಲ್ಲೋ ಒಂದು ಕಡೆ ಇಂಥದ್ದು ಇರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ ಆಗುತ್ತದೆ ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಭಾವ ಬಂದು ಎಂಟು, ಒಂಬತ್ತು ವರ್ಷ ಆಗಿತ್ತು, ನನಗೂ ನಿದ್ದೆ ಇರಲಿಲ್ಲ. ಆದರೆ ಆ ಹನ್ನೆರಡು ವರ್ಷದ ಲೆಕ್ಕ ಒಡೆಯನಿಗೆ ಎದುರಾಗಿ, ಇದು ನಂದೇ ಅಂತ ಬಹಿರಂಗವಾಗಿ ಹಿಡಿದು ಕೂತವರಿಗೆ. ಒಪ್ಪಿಗೆ ಪಡೆದು ಬಂದು ಇದ್ದವರಿಗೆ ಬರೀ ವರ್ಷ ಕಳೆದದ್ದರಿಂದ ಹಕ್ಕು ಬರುವುದಿಲ್ಲ. ಗೋವಾದಲ್ಲಿ ಒಡಹುಟ್ಟಿದವರ ನಡುವಿನ ಒಂದು ಮನೆ ಜಗಳದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದನ್ನೇ ಬಿಡಿಸಿ ಹೇಳಿದೆ, ಪುಕ್ಕಟೆಯಾಗಿ ಇರಲು ಬಿಟ್ಟವರು ದಶಕಗಟ್ಟಲೆ ಇದ್ದರೂ ಒಡೆಯರಾಗುವುದಿಲ್ಲ ಅಂತ. ಹಾಗಂತ ಸುಮ್ನೆ ಕೂರಬೇಡಿ. ‘ಇದು ನಂದು’ ಅಂತ ಅವರು ಬಾಯಿ ಬಿಟ್ಟು ಹೇಳಿದ ದಿನದಿಂದ ಎಚ್ಚರ ಬೇಕು.

ನನ್ನ ತಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಭಾನುವಾರ ತುಮಕೂರಿಗೆ ಹೋಗಿ ಫ್ಯೂಸ್ ಕಿತ್ತು, ಮುಂದಿನ ರೂಮಿಗೆ ಬೀಗ ಹಾಕಿ ಬಂದ. ಭಾವ ಪೊಲೀಸ್ ಸ್ಟೇಷನ್‌ಗೆ ಹೋದರು. ಸ್ಟೇಷನ್‌ನಲ್ಲಿ ಇಬ್ಬರನ್ನೂ ಕರೆಸಿ, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಅಂತ ಹಿಂಬರಹ ಕೊಟ್ಟರು. ವಕೀಲರಿಗೆ ಹೇಳಿದಾಗ ಅವರು ತುಂಬಾ ಬೈದರು. ಕಾನೂನಿನ ದಾರಿ ಬಿಟ್ಟು ಯಾರನ್ನಾದರೂ ಹೊರಗೆ ಹಾಕಿದರೆ, ಹೊರಗೆ ಬಿದ್ದವರು ಆರು ತಿಂಗಳೊಳಗೆ ದಾವೆ ಹಾಕಿ ವಾಪಸು ಒಳಗೆ ಬರಬಹುದು, ಅಲ್ಲಿ ಒಡೆಯ ಯಾರು ಅನ್ನುವ ಪ್ರಶ್ನೆಯೇ ಬರುವುದಿಲ್ಲವಂತೆ. ತಮ್ಮ ಮರುದಿನವೇ ಹೋಗಿ ಬೀಗ ತೆಗೆದ. ಆ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅತ್ತೆ ಒಂದು ರಾತ್ರಿ ಕತ್ತಲಲ್ಲಿ ಕೂತಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

2018ರ ಆಗಸ್ಟ್‌ನಲ್ಲಿ ಲಾಯರ್ ನೋಟಿಸ್ ಕಳಿಸಿದೆವು. ಮೂವರ ಹೆಸರಿನಲ್ಲೂ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಅಪ್ಪ ಕೊಟ್ಟಿದ್ದ ಒಪ್ಪಿಗೆಯನ್ನು ನಾವು ವಾಪಸು ತೆಗೆದುಕೊಂಡಿದ್ದೇವೆ, ಅರವತ್ತು ದಿನದಲ್ಲಿ ಮನೆ ಬಿಟ್ಟುಕೊಡಿ, ಅಷ್ಟೇ ಇದ್ದಿದ್ದು. ಒಂದು ಬೈಗುಳ ಇರಲಿಲ್ಲ. ಭಾವ ಅದಕ್ಕೆ ಉತ್ತರ ಕೊಡಲಿಲ್ಲ. ಆದರೆ ನನಗೆ ವಾಟ್ಸಾಪ್ ಮಾಡಿದರು, ‘ಹುಡುಗನ ಎಸ್‌ಎಸ್‌ಎಲ್‌ಸಿ ಮುಗಿಯೋವರೆಗೆ ಟೈಮ್ ಕೊಡಮ್ಮ.’ ಟೈಮ್ ಕೇಳುವವರು ಒಡೆಯರಲ್ಲ, ಅಲ್ವಾ? ಆ ಮೆಸೇಜನ್ನು 65ಬಿ ಸರ್ಟಿಫಿಕೇಟ್ (ಫೋನ್, ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಜೊತೆಗಿಡುವ ಪ್ರಮಾಣಪತ್ರ) ಜೊತೆ ದಾವೆಗೆ ಹಾಕಿದೆವು. (ಈಗಿನ ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಅದು 63ನೇ ಸೆಕ್ಷನ್.) ಅದಕ್ಕೂ ಮೊದಲು ಕೇವಿಯಟ್ ಹಾಕಿದ್ದೆವು. ಕೇವಿಯಟ್ ಇದ್ದರೆ ನಮಗೆ ತಿಳಿಸದೆ ಅವರು ತಡೆಯಾಜ್ಞೆ ತರಲು ಆಗುವುದಿಲ್ಲ. ಅದು 90 ದಿನ ಮಾತ್ರ ನಡೆಯುತ್ತದೆ, ಮುಗಿದರೆ ಮತ್ತೆ ಹಾಕಬೇಕು.

2019ರ ಮೊದಲಿಗೆ ದಾವೆ ಬಿತ್ತು. ಖರ್ಚಿನ ವಿಚಾರ ನೇರವಾಗಿ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ, ಜಂಟಿಯಾಗಿ ಸ್ವಾಧೀನದಲ್ಲಿದ್ದೇವೆ ಅಂತ ಹಾಕುವ ಪಾಲಿನ ದಾವೆಗೆ ಕೋರ್ಟ್ ಫೀ 200 ರೂಪಾಯಿ ದಾಟುವುದಿಲ್ಲ. ಸ್ವಾಧೀನ ಬಿಡಿಸಿಕೊಡಿ ಅನ್ನುವ ನಮ್ಮಂಥ ದಾವೆಗೆ ಆಸ್ತಿಯ ಮಾರುಕಟ್ಟೆ ಬೆಲೆ ಮೇಲೆ ಫೀ. ಅಮ್ಮ ಎರಡು ಬಳೆ ಅಡ ಇಟ್ಟರು. ಕೈಯಲ್ಲಿ ದುಡ್ಡಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನನಗೆ ಇದು ತಡವಾಗಿ ಗೊತ್ತಾಯಿತು.

ಆಮೇಲೆ ತಾರೀಖು, ತಾರೀಖು, ತಾರೀಖು.

ಆ ವರ್ಷ ಗೌರಿ ಹಬ್ಬಕ್ಕೆ ಅಮ್ಮ ಎಂದಿನಂತೆ ಅತ್ತೆಗೆ ಬಾಗಿನ ಕಳಿಸಿದರು. ತಮ್ಮ ಬೇಡ ಅಂದ. ‘ಅತ್ತಿಗೆಗೆ ತವರಿನ ಬಾಗಿನ ತಪ್ಪಿಸಿದರೆ ನಿಮ್ಮಪ್ಪ ಒಪ್ಪುತ್ತಿದ್ದರಾ’ ಅಂತ ಕೇಳಿದರು ಅಮ್ಮ. ಅವನು ಸುಮ್ಮನಾದ. ಬಾಗಿನ ಒಯ್ದವಳು ನಾನೇ. ಅತ್ತೆ ಮೊರ ತೆಗೆದುಕೊಂಡು ಅತ್ತರು. ‘ನನಗೆ ಈ ಮನೆ ಬೇಡ ಕಣೇ. ಹುಡುಗನ ಪರೀಕ್ಷೆ, ಆಮೇಲೆ ಒಂದು ಬಾಡಿಗೆ ಮನೆಗೆ ಅಡ್ವಾನ್ಸು, ಇವನಿಗೆ ಇರೋದು ಇಷ್ಟೇ ಚಿಂತೆ. ಪಾಲು ಗೀಲು ಎಲ್ಲ ಯಾರೋ ಹೇಳಿಕೊಟ್ಟಿದ್ದು.’ ಒಂದೂವರೆ ವರ್ಷ ವಕೀಲರ ಮೂಲಕ ಕೇಳಿ ತಿಳಿಯದ್ದು ಅವತ್ತು ಅಡುಗೆಮನೆಯಲ್ಲಿ ಹತ್ತು ನಿಮಿಷದಲ್ಲಿ ತಿಳಿಯಿತು. ಹಾಗಂತ ದಾವೆ ಹಾಕದೇ ಇದ್ದಿದ್ದರೆ ಅತ್ತೆ ಆ ಮಾತು ಹೇಳುತ್ತಿರಲಿಲ್ಲ ಅನ್ನುವುದೂ ನನ್ನ ಅನಿಸಿಕೆ. ಎರಡೂ ಬೇಕಾಯಿತು.

ವಕೀಲರಿಗೆ ಹೇಳಿ ಡಿಸೆಂಬರ್‌ನ ಲೋಕ ಅದಾಲತ್‌ಗೆ ಕೇಸು ಇಡಿಸಿದೆವು. ಒಪ್ಪಂದ ಹೀಗಾಯಿತು. ಮನೆ ನಮ್ಮ ಮೂವರದ್ದು ಅಂತ ಭಾವ ಒಪ್ಪಿದರು, ಅತ್ತೆಯೂ ಸಹಿ ಹಾಕಿದರು. 2020ರ ಏಪ್ರಿಲ್ ಕೊನೆಗೆ ಖಾಲಿ ಮಾಡಬೇಕು. ನೋಟಿಸ್ ದಿನದಿಂದ ಕೇಳಿದ್ದ ನಷ್ಟ ಪರಿಹಾರ ನಾವು ಬಿಟ್ಟೆವು. ಹೆಂಚು ತೆಗೆಸಿ ಹಾಕಿಸಿದ್ದು, ಮೋಟರ್ ರಿಪೇರಿ ಅಂತ ಅವರು ಖರ್ಚು ಮಾಡಿದ್ದು ನಿಜ, ಅದನ್ನೂ ಅಡ್ವಾನ್ಸನ್ನೂ ಸೇರಿಸಿ ಒಂದೂವರೆ ಲಕ್ಷ ಕೊಡುವುದು, ಅರ್ಧ ಅವತ್ತೇ, ಇನ್ನರ್ಧ ಬೀಗದ ಕೈ ಕೊಟ್ಟ ದಿನ. ಆ ಅರ್ಧ ಹಿಡಿದಿಟ್ಟಿದ್ದು ವಕೀಲರ ಸಲಹೆ, ಒಳ್ಳೆಯ ಸಲಹೆ. ಲೋಕ ಅದಾಲತ್ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ. ಬಳೆ ಬಿಡಿಸಿದೆವು.

ಆಮೇಲೆ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಯಿತು. ಏಪ್ರಿಲ್ ಮುಗಿಯಿತು, ಅವರು ಹೋಗಲಿಲ್ಲ, ಹೋಗಲು ಜಾಗವಾದರೂ ಎಲ್ಲಿತ್ತು? ತಮ್ಮ ಮತ್ತೆ ಕುದಿಯತೊಡಗಿದ. ಡಿಕ್ರಿ ಕೈ ತಪ್ಪುತ್ತದೆ ಅಂತ ನನಗೂ ಭಯ. ವಕೀಲರು ಫೋನಿನಲ್ಲಿ ಹೇಳಿದರು, ಡಿಕ್ರಿ ಜಾರಿ ಮಾಡಿಸಲು 12 ವರ್ಷ ಇದೆ, ಮೂರು ತಿಂಗಳಿಗೆ ಏನೂ ಹಾಳಾಗುವುದಿಲ್ಲ. ಹೆಚ್ಚಿನ ಸಮಯ ಕೊಟ್ಟಿದ್ದೇವೆ ಅಂತ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಮಾಡಿಸಿಕೊಂಡೆವು. ಪರೀಕ್ಷೆ ಜೂನ್ 25ಕ್ಕೆ ಶುರುವಾಗಿ ಜುಲೈ ಮೊದಲ ವಾರ ಮುಗಿಯಿತು. ಅಷ್ಟರಲ್ಲಿ ಆಷಾಢ, ಮನೆ ಬದಲಾಯಿಸುವ ಹಾಗಿಲ್ಲ. ಶ್ರಾವಣ ಬಿದ್ದು, ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ, ಬಟವಾಡಿ ಕಡೆ ಒಂದು ಬಾಡಿಗೆ ಮನೆಗೆ ಹೋದರು.

ಬೀಗದ ಕೈ ತೆಗೆದುಕೊಂಡ ದಿನ ನಾನು ಪ್ರತಿ ರೂಮಿನ ಫೋಟೊ ತೆಗೆದೆ. ಕೈ ಕೊಟ್ಟಿದ್ದಕ್ಕೆ, ದುಡ್ಡು ಮುಟ್ಟಿದ್ದಕ್ಕೆ ಬೇರೆ ಬೇರೆ ರಸೀದಿ ಬರೆಸಿಕೊಂಡೆ. ಬೆಸ್ಕಾಂ ಮೀಟರಿನ ಹೆಸರು ಅಮ್ಮನಿಗೆ ಬದಲಾಯಿಸಲು ಅರ್ಜಿ ಹಾಕಿದೆ. ಇವೆಲ್ಲ ಸಣ್ಣವು, ಅವತ್ತೇ ಮಾಡದಿದ್ದರೆ ಆಮೇಲೆ ಆಗುವುದೇ ಇಲ್ಲ.

ಆಗಸ್ಟ್‌ನಲ್ಲಿ ಮತ್ತೆ ಗೌರಿ ಹಬ್ಬ ಬಂತು. ಈ ಸಲ ಅಮ್ಮ ಬಾಗಿನ ಕಳಿಸಲಿಲ್ಲ, ಅತ್ತೆಯನ್ನೇ ಬರಹೇಳಿದರು. ಆಟೋದಲ್ಲಿ ಕರೆತಂದದ್ದು ಭಾವ. ಅತ್ತೆ ಒಳಗೆ ಬಂದು ತಮ್ಮ ಹಳೆಯ ಜಾಗದಲ್ಲೇ, ನಡುಮನೆಯ ಕಂಬಕ್ಕೆ ಒರಗಿ ಕೂತರು. ಭಾವ ಇಳಿಯಲಿಲ್ಲ. ಅಮ್ಮ ಕಾಫಿಯನ್ನು ಆಟೋ ಹತ್ತಿರಕ್ಕೇ ಕಳಿಸಿದರು, ತಮ್ಮನ ಕೈಯಲ್ಲಿ. ಭಾವ ಕುಡಿದು ಲೋಟ ವಾಪಸು ಕೊಟ್ಟರು.